ಏರಿನಲ್ಲಿ ಸೋಲುವ ಎಂಜಿನ್ನಿನ ಬೆನ್ನು ಹತ್ತಿ

ಕಾರಿನ ಮೂತಿಯ ಎದುರು ನಿಂತು, ಹ್ಯಾಂಡಲ್ ಸಿಕ್ಕಿಸಿ, ಉಸಿರು ಬಿಗಿಹಿಡಿದು ತಿರುವಿದರೆ ಮಾತ್ರ ಎಂಜಿನ್ ಚಾಲೂ ಆಗುತ್ತಿದ್ದ ಕಾಲವದು. ಹ್ಯಾಂಡಲ್ ತಿರುಗಿ ಒದ್ದರೆ ಮಣಿಕಟ್ಟು ಮುರಿಯುವುದೂ ಇತ್ತು. 1912ರ ಕ್ಯಾಡಿಲಾಕ್ ಕಾರು ಈ ಕಾಟವನ್ನು ಕೊನೆಗಾಣಿಸಿತು. ಸ್ಟಾರ್ಟ್ ಮಾಡುವ ಮೋಟರಿಗೂ ದೀಪಕ್ಕೂ ಸಿಲಿಂಡರಿನೊಳಗಿನ ಕಿಡಿಗೂ ಒಂದೇ ಬ್ಯಾಟರಿ. ಇದನ್ನು ಮಾಡಿಕೊಟ್ಟವನು ಒಹಾಯೊ ರಾಜ್ಯದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್. ಹಳ್ಳಿಯ ಹುಡುಗ, ಕಣ್ಣು ಮಂದ, ತಲೆ ಚುರುಕು. ಗೆಳೆಯ ಎಡ್ವರ್ಡ್ ಡೀಡ್ಸ್‌ನ ಮನೆಯ ಹಿಂದಿದ್ದ ಕೊಟ್ಟಿಗೆಯಲ್ಲಿ ಕೆಲಸ ಆರಂಭಿಸಿ, 1909ರಲ್ಲಿ ಅವನ ಜೊತೆ ಸೇರಿ ಕಟ್ಟಿದ ಕಂಪನಿಗೆ ಡೆಲ್ಕೊ ಎಂದು ಹೆಸರು. ನಮ್ಮ ಹಳೆಯ ಗ್ಯಾರೇಜುಗಳಲ್ಲಿ ಡಿಸ್ಟ್ರಿಬ್ಯೂಟರನ್ನು ಡೆಲ್ಕೊ ಎಂದೇ ಕರೆಯುವ ಮೇಸ್ತ್ರಿಗಳು ಇನ್ನೂ ಸಿಗುತ್ತಾರೆ.

ಹೊಗಳಿಕೆಯ ಬೆನ್ನಿಗೇ ದೂರುಗಳೂ ಬಂದವು. ಸಮತಟ್ಟು ರಸ್ತೆಯಲ್ಲಿ ಸುಮ್ಮನೆ ಓಡುತ್ತಿದ್ದ ಎಂಜಿನ್ ಏರು ಸಿಕ್ಕೊಡನೆ ರಗಳೆ ತೆಗೆಯುತ್ತಿತ್ತು. ಥ್ರಾಟಲನ್ನು ಪೂರ್ತಿ ತೆರೆದಾಗ, ಅಂದರೆ ಬಲ ತೀರಾ ಬೇಕಾದ ಹೊತ್ತಿನಲ್ಲೇ, ತಗಡಿನ ಡಬ್ಬಿಯಲ್ಲಿ ಹುಣಸೆಬೀಜ ಹಾಕಿ ಕುಲುಕಿದಂಥ ಸದ್ದು ಏಳುತ್ತಿತ್ತು. ಲೆಕ್ಕಿಸದೆ ಮುಂದೆ ಹೋದರೆ ಸದ್ದು ಬಡಿತವಾಗುತ್ತಿತ್ತು, ಎಂಜಿನ್ ಕಾಯುತ್ತಿತ್ತು, ಎಳೆತ ಕುಗ್ಗುತ್ತಿತ್ತು. ಇನ್ನಷ್ಟು ಥ್ರಾಟಲ್ ಕೊಟ್ಟಷ್ಟೂ ಕಾರು ಇನ್ನಷ್ಟು ಸೋಲುತ್ತಿತ್ತು. ಹಟ ಹಿಡಿದು ಓಡಿಸಿದವರ ಎಂಜಿನ್ನಿನಲ್ಲಿ ಪಿಸ್ಟನ್ನಿನ ತಲೆಯೇ ತೂತು ಬಿದ್ದದ್ದೂ ಇತ್ತು. ಅನುಭವಿ ಚಾಲಕರು ಸ್ಟಿಯರಿಂಗ್ ಬಳಿಯ ಸಣ್ಣ ಸನ್ನೆಯನ್ನು ಸರಿಸಿ ಕಿಡಿ ತುಸು ತಡವಾಗಿ ಹಾರುವಂತೆ ಮಾಡುತ್ತಿದ್ದರು. ಬಡಿತ ನಿಲ್ಲುತ್ತಿತ್ತು, ಆದರೆ ಕಿಡಿ ತಡವಾದ ಎಂಜಿನ್ನಿಗೆ ಮೊದಲಿನ ಬಲ ಎಲ್ಲಿಂದ ಬರಬೇಕು?

ರೋಗ ಒಂದು, ವೈದ್ಯರು ಹಲವರು. ಬೇರಿಂಗ್ ಸಡಿಲವಾಗಿದೆ ಎಂದು ಒಬ್ಬ ಮೇಸ್ತ್ರಿ ಎಂಜಿನ್ ಇಳಿಸುತ್ತಿದ್ದ. ಪಿಸ್ಟನ್ ಸಿಲಿಂಡರಿನ ಗೋಡೆಗೆ ತಾಗುತ್ತಿದೆ ಎಂದು ಇನ್ನೊಬ್ಬ ಹೇಳುತ್ತಿದ್ದ. ಒಳಗೆ ಕಟ್ಟಿದ ಇದ್ದಲಿನ ಮಸಿಯೇ ಕಾರಣವೆಂದು ಮೂರನೆಯವನು ಹೆಡ್ ಬಿಚ್ಚಿ ಕೆರೆಯುತ್ತಿದ್ದ. ಕೆರೆದ ಮೇಲೆ ಕೆಲವು ದಿನ ಬಡಿತ ನಿಜಕ್ಕೂ ಕಡಿಮೆಯಾಗುತ್ತಿತ್ತು. ಹಾಗಾಗಿ ಆ ಅರ್ಧಸತ್ಯಕ್ಕೆ ಆಯುಷ್ಯ ಜಾಸ್ತಿ. ಬ್ಯಾಟರಿಯಿಲ್ಲದೆ ಕಿಡಿ ಹಾರಿಸುವ ಮ್ಯಾಗ್ನೆಟೊ ಸಾಧನದ ತಯಾರಕರಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ತಮ್ಮ ವ್ಯಾಪಾರಕ್ಕೆ ಕುತ್ತು ತಂದ ಬ್ಯಾಟರಿ ಕಿಡಿಯೇ ಅಪರಾಧಿ ಎಂದು ಅವರು ಸಾರಿದರು. ಕೆಟರಿಂಗ್‌ಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು.

ಅವನ ಕಿಡಿಯ ನಿರ್ದೋಷಿತನಕ್ಕೆ ಸಾಕ್ಷಿ ಸಿಕ್ಕಿದ್ದು ಕಾರಿನಿಂದ ದೂರ, ರೈತರ ಹಿತ್ತಿಲಿನಲ್ಲಿ. ವಿದ್ಯುತ್ ತಂತಿ ತಲುಪದ ತೋಟದ ಮನೆಗಳಿಗೆಂದು 1916ರಲ್ಲಿ ಅವನ ಸಂಸ್ಥೆ ಡೆಲ್ಕೊ-ಲೈಟ್ ಎಂಬ ಪುಟ್ಟ ಜನರೇಟರ್ ಮಾರತೊಡಗಿತು. ಮನೆಯ ಬಳಿ ಪೆಟ್ರೋಲ್ ಇಡಲು ವಿಮಾ ಕಂಪನಿಗಳ ಆಕ್ಷೇಪವಿತ್ತು. ಸರಿ, ಸೀಮೆಎಣ್ಣೆಯಲ್ಲಿ ಓಡಲಿ ಎಂದರು. ಸೀಮೆಎಣ್ಣೆ ಕುಡಿದ ಎಂಜಿನ್ ಕಿವಿ ಗಡಚಿಕ್ಕುವಂತೆ ಬಡಿಯಿತು. ಕಾರಿನಲ್ಲಿ ಏರು ಹತ್ತುವಾಗ ಕೇಳುತ್ತಿದ್ದ ಅದೇ ಸದ್ದು, ಅದೇ ಸೋಲು. ಒಂದೇ ಬಗೆಯ ಎಂಜಿನ್, ಒಂದೇ ಕಿಡಿ; ಬದಲಾದದ್ದು ಎಣ್ಣೆ ಮಾತ್ರ. ಹಾಗಾದರೆ ಹುಳುಕು ಇಂಧನದಲ್ಲೇ ಇರಬೇಕೆಂದು ಕೆಟರಿಂಗ್‌ಗೆ ಅನ್ನಿಸಿತು.

ಆ ವರ್ಷವೇ ಕೆಲಸಕ್ಕೆ ಸೇರಿದ್ದ ಥಾಮಸ್ ಮಿಡ್ಗ್ಲಿ ಎಂಬ 27ರ ತರುಣ ಕೊಟ್ಟ ಕೆಲಸ ಮುಗಿಸಿ, ಮುಂದೇನು ಎಂದು ಕೇಳಿಕೊಂಡು ಕೆಟರಿಂಗ್ ಎದುರು ನಿಂತ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿದ ಮೆಕ್ಯಾನಿಕಲ್ ಎಂಜಿನಿಯರ್. ರಸಾಯನಶಾಸ್ತ್ರ ಅವನ ವಿಷಯವೇ ಅಲ್ಲ. ಈ ಬಡಿತ ಏನೆಂದು ನೋಡು ಎಂದು ಕೆಟರಿಂಗ್ ಹೇಳಿದ. ಒಂದು ಮಧ್ಯಾಹ್ನದ ಹರಟೆಯಲ್ಲಿ ಸಿಕ್ಕ ಆ ಕೆಲಸ ಮುಂದೆ ಐದು ವರ್ಷ ಅವನನ್ನು ಬಿಡಲಿಲ್ಲ.

ಬಡಿತವನ್ನು ಕೇಳಬಹುದಿತ್ತು, ಕಾಣಲಾಗುತ್ತಿರಲಿಲ್ಲ. ಕಿಡಿ ಹಾರುವ ಮೊದಲೇ ಒಳಗಿನ ಯಾವುದೋ ಕಾದ ಲೋಹದ ತುಣುಕು ಗಾಳಿ-ಇಂಧನದ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ, ಮೇಲೇರುತ್ತಿರುವ ಪಿಸ್ಟನ್ನಿಗೆ ಅದು ಎದುರಿನಿಂದ ಗುದ್ದುತ್ತದೆ ಎಂಬುದು ಬಲ್ಲವರ ವಾದ. ಪರೀಕ್ಷಿಸಲು ಮಿಡ್ಗ್ಲಿ ಸಿಲಿಂಡರಿಗೆ ಮ್ಯಾನೊಗ್ರಾಫ್ ಎಂಬ ಉಪಕರಣ ಜೋಡಿಸಿದ. ಸಿಲಿಂಡರಿನ ಒತ್ತಡಕ್ಕೆ ತಕ್ಕಂತೆ ಅದರೊಳಗಿನ ಕನ್ನಡಿ ಅಲುಗುತ್ತಿತ್ತು, ಕನ್ನಡಿಯಿಂದ ಚಿಮ್ಮಿದ ಬೆಳಕಿನ ಚುಕ್ಕೆ ಒತ್ತಡದ ಗೆರೆ ಬರೆಯುತ್ತಿತ್ತು. ಅದನ್ನು ಹಿಡಿದಿಡಲು ಖಾಲಿ ಟೊಮೆಟೊ ಡಬ್ಬಿಗೆ ಫಿಲ್ಮ್ ಸುತ್ತಿ ತಿರುಗಿಸಿ ಕ್ಯಾಮೆರಾ ಮಾಡಿಕೊಂಡನೆಂದೂ ಹೇಳುತ್ತಾರೆ. ಗೆರೆ ಹೇಳಿದ ಕತೆ ಬಲ್ಲವರ ವಾದಕ್ಕೆ ಒಪ್ಪಲಿಲ್ಲ. ಕಿಡಿ ಹಾರಿದ ಮೇಲೆ ಒತ್ತಡ ಸರಿಯಾದ ಸಮಯಕ್ಕೇ ಏರತೊಡಗುತ್ತಿತ್ತು, ಸರಾಗವಾಗಿಯೇ ಏರುತ್ತಿತ್ತು. ಉರಿ ಇನ್ನೇನು ಮುಗಿಯಬೇಕು ಎನ್ನುವಾಗ ಗೆರೆ ಏಕಾಏಕಿ ನೆಟ್ಟಗೆ ಮೇಲಕ್ಕೆ ಹಾರಿ ಗಡಗಡ ನಡುಗುತ್ತಿತ್ತು. ಮೊದಲೇ ಹತ್ತಿಕೊಳ್ಳುವ ಬೆಂಕಿಯದಲ್ಲ, ಕೊನೆಯಲ್ಲಿ ಸಿಡಿಯುವ ಏನೋ ಒಂದರ ಕೆಲಸ ಇದು.

ಏನದು? ಇಲ್ಲಿ ಕೆಟರಿಂಗ್‌ನ ಕಲ್ಪನೆ ಕಾಡಿನ ಕಡೆಗೆ ಓಡಿತು. ಅಮೆರಿಕದ ಕಾಡುಗಳಲ್ಲಿ ನೆಲಕ್ಕೇ ಹಬ್ಬುವ ಟ್ರೇಲಿಂಗ್ ಆರ್ಬ್ಯುಟಸ್ ಎಂಬ ಗಿಡವಿದೆ. ಹಿಮ ಪೂರ್ತಿ ಕರಗುವ ಮೊದಲೇ ಹೂ ಬಿಡುತ್ತದೆ. ಅದರ ಎಲೆಯ ಅಡಿಭಾಗ ಕೆಂಪು. ಕೆಂಪು ಬಣ್ಣ ಹೆಚ್ಚು ಶಾಖ ಹೀರಿಕೊಳ್ಳುವುದರಿಂದ ಗಿಡ ಬೇಗ ಹೂ ಬಿಡುತ್ತದೆ ಎಂದು ಅವನು ಎಣಿಸಿದ. ಸೀಮೆಎಣ್ಣೆ ಹನಿಗಳು ಬೇಗ ಆವಿಯಾಗದೆ ಉಳಿದು ಕೊನೆಗೆ ಒಮ್ಮೆಲೇ ಸಿಡಿಯುವುದೇ ಬಡಿತವಾದರೆ, ಎಣ್ಣೆಗೆ ಕೆಂಪು ಬಣ್ಣ ಬೆರೆಸಿದರಾಯಿತು. ಉರಿಯ ಶಾಖ ಹೀರಿ ಹನಿಗಳು ಬೇಗ ಆವಿಯಾದಾವು. ಈ ತರ್ಕದ ಒಂದೊಂದು ಕೊಂಡಿಯೂ ತಪ್ಪಾಗಿತ್ತು. ಕೇಳಲು ಮಾತ್ರ ಬಲು ಚೆನ್ನಾಗಿತ್ತು.

1916ರ ಡಿಸೆಂಬರಿನ ಒಂದು ಶನಿವಾರ ಮಿಡ್ಗ್ಲಿ ಉಗ್ರಾಣಕ್ಕೆ ಹೋಗಿ ಎಣ್ಣೆಯಲ್ಲಿ ಕರಗುವ ಕೆಂಪು ಬಣ್ಣ ಕೇಳಿದ. ಇರಲಿಲ್ಲ. ಅಂಗಡಿಗಳು ಬಾಗಿಲು ಹಾಕಿದ್ದವು. ಸೋಮವಾರದವರೆಗೆ ಕಾಯುವ ಸ್ವಭಾವ ಅವನದಲ್ಲ. ಅಲ್ಲಿದ್ದ ಫ್ರೆಡ್ ಚೇಸ್, ಅಯೋಡಿನ್ ಎಣ್ಣೆಯಲ್ಲಿ ಕರಗುತ್ತದೆ, ಬಣ್ಣವೂ ಕೆಂಪಾಗುತ್ತದೆ ಎಂದ. ಮಿಡ್ಗ್ಲಿ ಇದ್ದ ಅಯೋಡಿನ್ನನ್ನು ಎತ್ತಿಕೊಂಡು ಬಂದು ಸೀಮೆಎಣ್ಣೆಗೆ ಸುರಿದ, ಕದಡಿದ, ಎಂಜಿನ್ ಚಾಲೂ ಮಾಡಿದ. ಬಡಿತ ನಿಂತಿತ್ತು.

ಕೆಂಪು ಎಲೆಯ ಸಿದ್ಧಾಂತ ಗೆದ್ದಂತಾಯಿತು. ಅಂಗಡಿ ತೆರೆದ ಮೇಲೆ ಡೇಟನ್ ಊರಿನಲ್ಲಿ ಸಿಕ್ಕ ಎಣ್ಣೆಯಲ್ಲಿ ಕರಗುವ ಕೆಂಪು ಬಣ್ಣಗಳೆಲ್ಲ ಪ್ರಯೋಗಶಾಲೆಗೆ ಬಂದವು. ಒಂದೊಂದಾಗಿ ಬೆರೆಸಿದರು. ಎಣ್ಣೆ ಕೆಂಪಗಾಯಿತು, ಎಂಜಿನ್ ಎಂದಿನಂತೆ ಬಡಿಯಿತು. ಒಂದೇ ಒಂದು ಬಣ್ಣವೂ ಕೆಲಸ ಮಾಡಲಿಲ್ಲ. ಕೊನೆಗೆ ಮಿಡ್ಗ್ಲಿ ತಿರುವುಮುರುವು ಪರೀಕ್ಷೆಯೊಂದನ್ನು ಹೂಡಿದ. ಅಯೋಡಿನ್ ಇರುವ, ಆದರೆ ಬಣ್ಣವೇ ಇಲ್ಲದ ಈಥೈಲ್ ಅಯೊಡೈಡ್ ಬೆರೆಸಿದ. ಬಡಿತ ಮಾಯ. ಬಣ್ಣಕ್ಕೂ ಬಡಿತಕ್ಕೂ ಯಾವ ನಂಟೂ ಇರಲಿಲ್ಲ. ಶನಿವಾರದ ಆ ಹೊತ್ತು ಉಗ್ರಾಣದಲ್ಲಿ ಒಳ್ಳೆಯ ಕೆಂಪು ಬಣ್ಣವೊಂದು ಇದ್ದಿದ್ದರೆ, ಪ್ರಯೋಗ ಸೋತು, ಕಡತ ಮುಚ್ಚಿ, ಮಿಡ್ಗ್ಲಿ ಬೇರೆ ಕೆಲಸಕ್ಕೆ ಹೋಗುವ ಸಂಭವವೇ ಹೆಚ್ಚಿತ್ತು.

ಅಯೋಡಿನ್ನಿನಿಂದ ಕಾರು ಓಡಿಸಲು ಸಾಧ್ಯವಿರಲಿಲ್ಲ. ಬೆಲೆ ದುಬಾರಿ, ಲೋಹವನ್ನು ಅದು ತಿಂದುಹಾಕುತ್ತಿತ್ತು. ಆದರೂ ಒಂದು ಮಾತು ಖಾತ್ರಿಯಾಯಿತು: ಎಂಜಿನ್ನನ್ನು ಮುಟ್ಟದೆ, ಇಂಧನಕ್ಕೆ ಚಿಟಿಕೆಯಷ್ಟು ಏನನ್ನೋ ಹಾಕಿ ಈ ರೋಗವನ್ನು ನಿಲ್ಲಿಸಬಹುದು. ಅಂಥದ್ದು ಇನ್ನೊಂದು ಎಲ್ಲಿದೆ ಎಂಬುದಷ್ಟೇ ಪ್ರಶ್ನೆ. ಅಷ್ಟರಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ಯುದ್ಧವಿಮಾನಗಳಿಗೆಂದು ಬೆಂಜೀನ್ ಮತ್ತು ಸೈಕ್ಲೊಹೆಕ್ಸೇನ್ ಬೆರೆಸಿ ಬಡಿಯದ ಇಂಧನವೊಂದನ್ನು ತಯಾರಿಸಿದರು. ಅದು ಕೈಗೆ ಬರುವ ಹೊತ್ತಿಗೆ ಯುದ್ಧ ಮುಗಿಯಿತು.

ಆಮೇಲೆ ಬಂದದ್ದು ಕಂಡದ್ದನ್ನೆಲ್ಲ ಸುರಿದು ನೋಡುವ ಕಾಲ. ಮಿಡ್ಗ್ಲಿಯ ಜೊತೆ ಈಗ ಥಾಮಸ್ ಬಾಯ್ಡ್ ಇದ್ದ, ತರುವಾಯ ಕ್ಯಾರಲ್ ಹಾಕ್ವಾಲ್ಟ್ ಬಂದ. ಇಬ್ಬರೂ ರಸಾಯನಶಾಸ್ತ್ರ ಬಲ್ಲವರು. ಕರಗಿಸಿದ ಬೆಣ್ಣೆಯಿಂದ ಕರ್ಪೂರದವರೆಗೆ, ಈಥೈಲ್ ಅಸಿಟೇಟ್‌ನಿಂದ ಅಲ್ಯೂಮಿನಿಯಂ ಕ್ಲೋರೈಡ್‌ವರೆಗೆ, ಕಪಾಟಿನಲ್ಲಿ ಏನಿದೆಯೋ ಅದು ಒಂಟಿ ಸಿಲಿಂಡರಿನ ಎಂಜಿನ್ನಿನ ಹೊಟ್ಟೆ ಸೇರಿತು. ಹೆಚ್ಚಿನವು ಸರೋವರಕ್ಕೆ ಉಗುಳಿದಷ್ಟೂ ಪರಿಣಾಮ ಬೀರಲಿಲ್ಲ ಎಂದು ಮಿಡ್ಗ್ಲಿ ಮುಂದೆ ನಗೆಯಾಡಿದ. 1919ರ ಜನವರಿ 30ರಂದು ಅನಿಲೀನ್ ಎಂಬ ದ್ರವ ಬಡಿತವನ್ನು ಅಯೋಡಿನ್ನಿಗಿಂತ ಚೆನ್ನಾಗಿ ತಡೆದಾಗ ಗುಂಪಿಗೆ ಜೀವ ಬಂತು. ಕಾರುಗಳಿಗೆ ಹಾಕಿ ಓಡಿಸಿಯೂ ನೋಡಿದರು. ಎಂಜಿನ್ ಸುಮ್ಮನಾಯಿತು, ಹೊಗೆಯ ನಾತಕ್ಕೆ ಹಿಂದೆ ಬರುವವರು ಮೂಗು ಮುಚ್ಚಿಕೊಂಡರು. ಕಾರ್ಬ್ಯುರೇಟರಿನ ಹಿತ್ತಾಳೆ ಭಾಗಗಳಿಗೂ ಅದು ಆಗಿಬರಲಿಲ್ಲ.

ಇಷ್ಟರಲ್ಲಿ ಕೆಟರಿಂಗ್‌ನ ಸಂಸ್ಥೆ ಜನರಲ್ ಮೋಟರ್ಸ್ ತೆಕ್ಕೆಗೆ ಹೋಗಿತ್ತು. ಬೆಲೆ ಕಟ್ಟುವ ಮೇಲಿನವರಿಗೆ ವರ್ಷಗಟ್ಟಲೆ ನಡೆದ ಈ ಬಾಟಲಿಯಾಟದ ಲಾಭ ಕಾಣಬೇಕಿತ್ತು. ಲಾಭದ ಲೆಕ್ಕ ಸಣ್ಣದೇನೂ ಆಗಿರಲಿಲ್ಲ. ಮಿಶ್ರಣವನ್ನು ಹೆಚ್ಚು ಹಿಂಡಿದಷ್ಟೂ ಎಂಜಿನ್ ಅದೇ ಪೆಟ್ರೋಲಿನಿಂದ ಹೆಚ್ಚು ಬಲ ತೆಗೆಯುತ್ತದೆ. ಆದರೆ ಹಿಂಡುವಿಕೆ ನಾಲ್ಕು ಪಟ್ಟು ದಾಟುವ ಹೊತ್ತಿಗೇ ಬಡಿತ ಅಡ್ಡಗಟ್ಟುತ್ತಿತ್ತು. ಲೋಕದ ಕಾರುಗಳೆಲ್ಲ ಅದೊಂದು ಗೋಡೆಗೆ ತಲೆ ಒರಗಿಸಿ ನಿಂತಿದ್ದವು.

ಎರಡನೆಯ ಅದೃಷ್ಟ 1921ರ ವಸಂತದಲ್ಲಿ ರೈಲಿನಲ್ಲಿ ಬಂತು. ಪ್ರಯಾಣದಲ್ಲಿದ್ದ ಕೆಟರಿಂಗ್ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿಕ್ಟರ್ ಲೆನರ್ ಎಂಬ ಪ್ರಾಧ್ಯಾಪಕ ಬಹುತೇಕ ಎಲ್ಲವನ್ನೂ ಕರಗಿಸಬಲ್ಲ ದ್ರವವೊಂದನ್ನು ಕಂಡುಹಿಡಿದಿದ್ದಾನೆ, ಹೆಸರು ಸೆಲೆನಿಯಂ ಆಕ್ಸಿಕ್ಲೋರೈಡ್. ಬಡಿತಕ್ಕೂ ಇದಕ್ಕೂ ಎತ್ತಣಿಂದೆತ್ತ ಸಂಬಂಧ? ಕೆಟರಿಂಗ್ ಕತ್ತರಿಸಿ ತಂದು ಮಿಡ್ಗ್ಲಿಯ ಕೈಗಿಟ್ಟ. ಎಲ್ಲವನ್ನೂ ಕರಗಿಸುವ ದ್ರವ ಎಂಜಿನ್ನನ್ನೂ ಕೊರೆಯತೊಡಗಿತು, ಆದರೆ ಬಡಿತವನ್ನು ಅಡಗಿಸಿತು. ಇದು ಸೆಲೆನಿಯಂ ಮಹಿಮೆಯೆಂದು ತಿಳಿದವರು ಅದರ ಮೆತ್ತನೆಯ ಸಂಯುಕ್ತ ಮಾಡಿ ನೋಡಿದರು, ಆಮೇಲೆ ಆವರ್ತ ಕೋಷ್ಟಕದಲ್ಲಿ ಅದರ ಕೆಳಗಿನ ಮನೆಯ ಟೆಲ್ಯೂರಿಯಂ ಕಡೆ ಹೋದರು. ಅಣುವಿಗೆ ಅಣು ತೂಗಿದರೆ ಸೆಲೆನಿಯಂ ಅನಿಲೀನಿನ ಸುಮಾರು ಏಳು ಪಟ್ಟು ಬಲಶಾಲಿ, ಟೆಲ್ಯೂರಿಯಂ ಸುಮಾರು ಇಪ್ಪತ್ತೇಳು ಪಟ್ಟು.

ಟೆಲ್ಯೂರಿಯಂ ಗೆದ್ದೇಬಿಟ್ಟಿತು ಎನ್ನುವಂತಿತ್ತು, ನಾತ ಒಂದನ್ನು ಬಿಟ್ಟರೆ. ಕೊಳೆತ ಬೆಳ್ಳುಳ್ಳಿಯ ಆ ವಾಸನೆ ಬಟ್ಟೆ ಬದಲಿಸಿದರೂ, ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ. ಕೆಲವು ದಿನ ಪ್ರಯೋಗಶಾಲೆಯತ್ತ ಸುಳಿಯದಿದ್ದರೂ ಮೈಯಿಂದ ಬರುತ್ತಲೇ ಇತ್ತು. ಅದು ಬೆರೆಸಿದ ಪೆಟ್ರೋಲನ್ನು ಯಾವ ಊರಿನ ಪಂಪಿನಲ್ಲೂ ಮಾರುವಂತಿರಲಿಲ್ಲ.

ಆದರೂ ನಾತದ ನಡುವೆ ಒಂದು ದಾರಿ ತೆರೆದಿತ್ತು. ಎಂಐಟಿಯ ರಾಬರ್ಟ್ ವಿಲ್ಸನ್, ಪರಮಾಣುಗಳ ಹೊರಕವಚದ ಎಲೆಕ್ಟ್ರಾನುಗಳ ಲೆಕ್ಕ ಹಿಡಿದು ಮೂಲವಸ್ತುಗಳನ್ನು ಜೋಡಿಸಿದ ಕೋಷ್ಟಕವೊಂದನ್ನು ಅವರ ಗಮನಕ್ಕೆ ತಂದ. ಮಿಡ್ಗ್ಲಿ ಹಲಗೆಯಲ್ಲಿ ತೂತುಗಳನ್ನು ಕೊರೆದು, ಒಂದೊಂದು ಮೂಲವಸ್ತುವಿಗೆ ಒಂದೊಂದು ಗೂಟ ನೆಟ್ಟ. ಬಡಿತ ತಡೆಯುವ ಶಕ್ತಿ ಎಷ್ಟೋ ಗೂಟದ ಎತ್ತರ ಅಷ್ಟು. ಅದುವರೆಗೆ ಚೆಲ್ಲಾಪಿಲ್ಲಿಯಾಗಿದ್ದ ಫಲಿತಾಂಶಗಳು ಸಾಲಾಗಿ ನಿಂತವು. ಕೋಷ್ಟಕದಲ್ಲಿ ಕೆಳಗಿಳಿದಂತೆ ಗೂಟಗಳು ಎತ್ತರವಾಗುತ್ತಿದ್ದವು. ಹುಡುಕಾಟ ಅಲ್ಲಿಂದ ಬೇಟೆಯಾಯಿತು. ತವರದ ಸಂಯುಕ್ತ ಮಾಡಿ ನೋಡಿದರು, ಸಾಧಾರಣ ಫಲ ಕೊಟ್ಟಿತು. ತವರವೇ ಇಷ್ಟು ಮಾಡಿದರೆ ಅದೇ ಸಾಲಿನಲ್ಲಿ ಅದರ ಕೆಳಗೆ ಕೂತ ಭಾರದ ಲೋಹ ಏನು ಮಾಡಬಹುದು?

ಅದು ಸೀಸ. ಎಣ್ಣೆಯಲ್ಲಿ ಕರಗುವ ಅದರ ರೂಪ ಟೆಟ್ರಾಈಥೈಲ್ ಲೆಡ್. ಜರ್ಮನಿಯ ರಸಾಯನಶಾಸ್ತ್ರಜ್ಞರು 19ನೆಯ ಶತಮಾನದಲ್ಲೇ ತಯಾರಿಸಿ, ಉಪಯೋಗ ತಿಳಿಯದೆ ಬಿಟ್ಟಿದ್ದ ವಸ್ತು. ಬಲು ಕಷ್ಟಪಟ್ಟು ಅದರ ಒಂದಿಷ್ಟನ್ನು ತಯಾರಿಸಿಕೊಂಡರು. 1921ರ ಡಿಸೆಂಬರ್ 9ರಂದು ಅದೇ ಒಂಟಿ ಸಿಲಿಂಡರಿನ ಎಂಜಿನ್ನಿಗೆ ಬೆರೆಸಿದರು. ಬಡಿಯುತ್ತಿದ್ದ ಎಂಜಿನ್ ಮೌನವಾಯಿತು. ಇಂಧನ ಸೇರಿಸಿ ತೆಳುವಾಗಿಸಿದರು, ಮೌನ. ಇನ್ನೂ ತೆಳುವಾಗಿಸಿದರು, ಆಗಲೂ ಮೌನ. ನೂರಕ್ಕೆ ಒಂದಕ್ಕೂ ಹೆಚ್ಚು ಪಾಲು ಅನಿಲೀನ್ ಮಾಡುತ್ತಿದ್ದ ಕೆಲಸವನ್ನು ನೂರರಲ್ಲಿ ಒಂದರ ನಲವತ್ತನೆಯ ಒಂದು ಪಾಲು ಸೀಸದ್ರವ ಮಾಡಿ ಮುಗಿಸುತ್ತಿತ್ತು. ಅಣುವಿಗೆ ಅಣು ಎಣಿಸಿದಾಗ ಅದು ಅನಿಲೀನಿನ 118 ಪಟ್ಟು.

ಸೀಸ ಉರಿದು ಉಳಿಯುವ ಬೂದಿ ವಾಲ್ವಿನಲ್ಲೂ ಸ್ಪಾರ್ಕ್ ಪ್ಲಗ್ಗಿನಲ್ಲೂ ಕೂತು ಎಂಜಿನ್ನನ್ನು ಕೆಡಿಸಿದಾಗ, ಅದನ್ನು ಹೊಗೆಯೊಡನೆ ಹೊರಗೆ ಕಳಿಸಲು ಬ್ರೋಮಿನ್ ಸಂಯುಕ್ತ ಸೇರಿಸಿದರು. ಅಷ್ಟು ಬ್ರೋಮಿನ್ ಲೋಕದಲ್ಲೇ ಸಿಗದೆ ಸಮುದ್ರದ ನೀರಿನಿಂದ ತೆಗೆಯಲು ಹೊರಟದ್ದು ಇನ್ನೊಂದು ಕತೆ. 1923ರ ಫೆಬ್ರವರಿಯಲ್ಲಿ ಡೇಟನ್ ಊರಿನ ಪಂಪೊಂದರಲ್ಲಿ ಈಥೈಲ್ ಎಂಬ ಹೆಸರಿನಲ್ಲಿ ಮೊದಲ ಮಾರಾಟ. ಆ ಮೇ ತಿಂಗಳಿನ ಇಂಡಿಯನಾಪೊಲಿಸ್ ರೇಸಿನಲ್ಲಿ ಮೊದಲ ಮೂರು ಸ್ಥಾನ ಪಡೆದ ಕಾರುಗಳ ಟ್ಯಾಂಕಿನಲ್ಲಿ ಅದೇ ಇತ್ತು. ಗುರುತಿಗೆಂದು ಅದಕ್ಕೆ ಹಾಕುತ್ತಿದ್ದ ಬಣ್ಣ ಕೆಂಪು.

ಹೆಸರಿನಿಂದ ಸೀಸವನ್ನು ಕೈಬಿಟ್ಟದ್ದು ಸುಮ್ಮನೆ ಅಲ್ಲ. ಸೀಸ ವಿಷವೆಂಬುದು ಆಗ ಹೊಸ ವಿಷಯವಾಗಿರಲಿಲ್ಲ. ಮಿಡ್ಗ್ಲಿಯೇ ಸೀಸದ ಬಾಧೆಗೆ ಸಿಕ್ಕಿ 1923ರ ಆರಂಭದಲ್ಲಿ ಗಾಳಿ ಬದಲಾವಣೆಗೆ ಫ್ಲಾರಿಡಾಕ್ಕೆ ಹೋಗಬೇಕಾಯಿತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಶುದ್ಧೀಕರಣ ಘಟಕದಲ್ಲಿ ಈ ದ್ರವ ತಯಾರಿಸುತ್ತಿದ್ದ ಐವರು ಕಾರ್ಮಿಕರು ಭ್ರಮೆ ಹಿಡಿದು ಸತ್ತರು, ಮೂವತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಮಿಡ್ಗ್ಲಿ ಪತ್ರಕರ್ತರನ್ನು ಕರೆದು, ಅವರೆದುರೇ ಆ ದ್ರವದಲ್ಲಿ ಕೈ ತೊಳೆದು, ಮೂಸಿ ತೋರಿಸಿದ. ಹಟಮಾರಿ ಸಂಶೋಧಕನ ಮೇಲೆ ಅದುವರೆಗೆ ಹುಟ್ಟಿದ ಮೆಚ್ಚುಗೆ ಈ ಒಂದು ದೃಶ್ಯದಲ್ಲಿ ಅರ್ಧಕ್ಕರ್ಧ ಇಳಿದುಹೋಗುತ್ತದೆ. ಆಲ್ಕೊಹಾಲ್ ಬೆರೆಸಿದರೂ ಬಡಿತ ನಿಲ್ಲುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಯಾರು ಬೇಕಾದರೂ ಭಟ್ಟಿ ಇಳಿಸಬಹುದಾದ ವಸ್ತುವಿನಿಂದ ಕಂಪನಿಗೆ ಸೀಸದಷ್ಟು ಲಾಭವಿರಲಿಲ್ಲ. ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಮತ್ತಿತರರು 1925ರಲ್ಲೇ ಬಲವಾಗಿ ವಿರೋಧಿಸಿದರು; ಮಾರಾಟ ಕೆಲ ಕಾಲ ನಿಂತು ಮತ್ತೆ ಶುರುವಾಯಿತು. ಭಾರತದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬರಲು 2000ದ ಫೆಬ್ರವರಿ ಆಗಬೇಕಾಯಿತು. ಲೋಕದಲ್ಲಿ ಕಟ್ಟಕಡೆಗೆ ಸೀಸ ಬೆರೆತ ಪೆಟ್ರೋಲನ್ನು ಕಾರುಗಳಿಗೆ ಮಾರುವುದನ್ನು ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ.

1921ರಲ್ಲೇ ಮದ್ದು ಸಿಕ್ಕಿತ್ತು, ರೋಗ ಏನೆಂದು ಮಾತ್ರ ಇನ್ನೂ ಯಾರೂ ಕಣ್ಣಾರೆ ಕಂಡಿರಲಿಲ್ಲ. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಅದೇ ವರ್ಷಗಳಲ್ಲಿ ತನ್ನದೇ ದಾರಿಯಲ್ಲಿ ಬಡಿತದ ಬೆನ್ನು ಹತ್ತಿದ್ದ. ಓಡುತ್ತಿರುವಾಗಲೇ ಹಿಂಡುವಿಕೆಯನ್ನು ಏರಿಸಿ ಇಳಿಸಬಹುದಾದ ಇ-35 ಎಂಬ ಎಂಜಿನ್ ಕಟ್ಟಿ, ಯಾವ ಇಂಧನ ಎಲ್ಲಿಯವರೆಗೆ ತಡೆಯುತ್ತದೆಂದು ಅಳೆದ. ಸಿಲಿಂಡರಿನ ಮೂಲೆಯಲ್ಲಿ ಕೊನೆಗೆ ಉಳಿಯುವ ಅನಿಲವೇ ತಾನಾಗಿ ಸಿಡಿಯುತ್ತದೆ ಎಂಬುದು ಅವನ ಊಹೆಯಾಗಿತ್ತು. 1926ರ ಸುಮಾರಿಗೆ ಗ್ರೇಹಮ್ ಎಡ್ಗರ್ ಇಂಧನದ ತಡೆಯುವ ಶಕ್ತಿಗೆ ಅಳತೆಗೋಲು ಕೊಟ್ಟ: ಎಷ್ಟು ಹಿಂಡಿದರೂ ಸುಲಭಕ್ಕೆ ಬಡಿಯದ ಐಸೊ-ಆಕ್ಟೇನಿಗೆ 100, ಹಿಂಡಿದರೆ ಬಡಿದೇ ಬಡಿಯುವ ಹೆಪ್ಟೇನಿಗೆ 0. ಪಂಪುಗಳಲ್ಲಿ ಬರೆದಿರುವ 91, 95ರ ಮೂಲ ಅದು. 1936ರಲ್ಲಿ ಜನರಲ್ ಮೋಟರ್ಸ್‌ನ ಲಾಯ್ಡ್ ವಿದ್ರೊ ಮತ್ತು ಜೆರಾಲ್ಡ್ ರಾಸ್‌ವೈಲರ್ ಸಿಲಿಂಡರಿನ ಮೇಲೆ ಸ್ಫಟಿಕದ ಕಿಟಕಿ ಕೂಡಿಸಿ, ಸೆಕೆಂಡಿಗೆ 5000 ಚಿತ್ರ ತೆಗೆಯುವ ಕ್ಯಾಮೆರಾದಿಂದ ಉರಿಯನ್ನು ಸೆರೆಹಿಡಿದರು. ಇಪ್ಪತ್ತು ವರ್ಷದ ಊಹೆಗಳು ಅಲ್ಲಿ ಇತ್ಯರ್ಥವಾದವು.

ಕಿಡಿಯಿಂದ ಹೊರಟ ಜ್ವಾಲೆ ಸಿಲಿಂಡರಿನಲ್ಲಿ ಹಂತಹಂತವಾಗಿ ಹರಡುತ್ತಿತ್ತು. ಅದರ ಮುಂದೆ, ದೂರದ ಮೂಲೆಯಲ್ಲಿ, ಇನ್ನೂ ಉರಿಯದ ಅನಿಲ ಎಲ್ಲ ಕಡೆಯಿಂದ ಹಿಂಡಿಸಿಕೊಂಡು ಕಾಯುತ್ತಿತ್ತು. ಜ್ವಾಲೆ ತಲುಪುವುದರೊಳಗೆ ಆ ಅನಿಲ ತಾನೇ ಒಮ್ಮೆಲೇ ಹತ್ತಿಕೊಂಡರೆ ಅದೇ ಬಡಿತ. ಆ ಸಿಡಿತದ ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಯಿಂದ ಗೋಡೆಗೆ ಸೆಕೆಂಡಿಗೆ ಸಾವಿರಾರು ಸಲ ಹಾಯ್ದು ಲೋಹವನ್ನು ಮಿಡಿಸುತ್ತವೆ. ಹೊರಗೆ ಕೇಳುವ ಸದ್ದು ಅದರದು. ಲೋಹವನ್ನು ಕಾಪಾಡುವ ತಣ್ಣನೆಯ ಅನಿಲದ ತೆಳುಪದರವನ್ನು ಅದೇ ಅಲೆಗಳು ಕೆರೆದು ಹಾಕುತ್ತವೆ. ಪಿಸ್ಟನ್ ತಳ್ಳಬೇಕಾದ ಶಾಖ ಗೋಡೆಗೂ ನೀರಿಗೂ ಸೋರಿಹೋಗುತ್ತದೆ, ಎಳೆತ ಬೀಳುತ್ತದೆ, ಪಿಸ್ಟನ್ ಕರಗುವ ಹಂತಕ್ಕೆ ಬರುತ್ತದೆ. ಥ್ರಾಟಲ್ ಹೆಚ್ಚಿಸಿದರೆ ಒಳಗೆ ಬರುವ ಮಿಶ್ರಣ ಹೆಚ್ಚಿ ಮೂಲೆಯ ಅನಿಲ ಇನ್ನಷ್ಟು ಕಾಯುತ್ತದೆ. ಮಸಿ ಕಟ್ಟಿದರೆ ಜಾಗ ಕಿರಿದಾಗಿ ಹಿಂಡುವಿಕೆ ಏರುತ್ತದೆ. ಕೆರೆದ ಮೇಸ್ತ್ರಿಗೆ ಕೆಲ ದಿನ ಯಶಸ್ಸು ಸಿಕ್ಕಿದ್ದು ಅದಕ್ಕೆ. ಕಿಡಿ ತಡವಾದರೆ ಒತ್ತಡದ ಶಿಖರ ತಗ್ಗುತ್ತದೆ. ಇಂದಿನ ಕಾರಿನಲ್ಲಿ ಎಂಜಿನ್ನಿಗೆ ಅಂಟಿಸಿದ ಸೆನ್ಸರ್ ಆ ಮಿಡಿತವನ್ನು ಕೇಳಿಸಿಕೊಂಡು ಕಿಡಿಯನ್ನು ತಾನೇ ತಡಮಾಡುತ್ತದೆ. ಕಳಪೆ ಪೆಟ್ರೋಲ್ ಹಾಕಿದ ಕಾರು ಸದ್ದಿಲ್ಲದೆ ಪಿಕಪ್ ಕಳೆದುಕೊಳ್ಳುವುದು ಹಾಗೆ.

ಸೀಮೆಎಣ್ಣೆಯಲ್ಲಿ ಉದ್ದನೆಯ ನೇರ ಸರಪಳಿಯ ಅಣುಗಳು ಹೆಚ್ಚು. ಶಾಖಕ್ಕೆ ಅವು ಸುಲಭವಾಗಿ ತುಂಡಾಗಿ, ಆ ಚೂರುಗಳು ಇನ್ನಷ್ಟನ್ನು ತುಂಡರಿಸುತ್ತ ಹೋಗುತ್ತವೆ. ಈ ಸರಣಿ ಕೈಮೀರಿದ ಕ್ಷಣವೇ ಸಿಡಿತ. ಅಯೋಡಿನ್ ಆ ಚೂರುಗಳನ್ನು ಹಿಡಿದು ಸರಣಿಯನ್ನು ಕಡಿಯುತ್ತದೆ. ಶಾಖದಲ್ಲಿ ಟೆಟ್ರಾಈಥೈಲ್ ಲೆಡ್ ಒಡೆದು ಸೀಸದ ಆಕ್ಸೈಡಿನ ಅತಿಸೂಕ್ಷ್ಮ ಧೂಳಾಗುತ್ತದೆ. ಕ್ರಿಯಾಶೀಲ ಚೂರುಗಳು ಆ ಧೂಳಿನ ಕಣಗಳಿಗೆ ತಾಗಿ ನಿಷ್ಕ್ರಿಯವಾಗುತ್ತವೆ, ಅಷ್ಟರಲ್ಲಿ ಜ್ವಾಲೆ ಬಂದು ಮೂಲೆಯ ಅನಿಲವನ್ನು ಕ್ರಮವಾಗಿ ಉರಿಸಿ ಮುಗಿಸುತ್ತದೆ.